ಇದೇನಮ್ಮಾ ಈ ‘ನೀತಿ’ಯ ಓದು?

ನಿಮ್ಮ ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನೀವೇನು ಹೇಳುತ್ತೀರಿ? ಬಿ.ಎಡ್., ಇಂಜಿನಿಯರಿಂಗು, ನರ್ಸಿಂಗು – ಒಂದೇ ಮಾತಿನಲ್ಲಿ ಮುಗಿಯಿತು. ಕೇಳಿದವರು ‘ಓಹೋ’ ಎಂದು ತಲೆಯಾಡಿಸಿ ಕಾಫಿ ಕುಡಿದು ಎದ್ದು ಹೋಗುತ್ತಾರೆ. ನನ್ನ ಪಾಡು ಹಾಗಲ್ಲ, ಸೋದರಿಯರೇ. ನನ್ನ ದೊಡ್ಡ ಮಗಳು ಬೆಂಗಳೂರಿನಲ್ಲಿ ‘ಪಬ್ಲಿಕ್ ಪಾಲಿಸಿ’ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಪಾಲಿಸಿ ಎಂದ ಕೂಡಲೇ ನಮ್ಮ ಬೀದಿಯವರಿಗೆ ನೆನಪಾಗುವುದು ಎಲ್.ಐ.ಸಿ. ‘ಏಜೆಂಟ್ ಕೆಲಸಕ್ಕೂ ಈಗ ಡಿಗ್ರಿ ಮೇಲೆ ಡಿಗ್ರಿ ಬೇಕೇನ್ರೀ?’ ಎಂದು ಮೂಲೆಮನೆಯಾಕೆ ಕೇಳಿದರು. ಕನ್ನಡದಲ್ಲೇ ಹೇಳೋಣವೆಂದು ‘ಸಾರ್ವಜನಿಕ ನೀತಿ’ ಎಂದೆನೋ, ಇನ್ನೂ ಫಜೀತಿ. ‘ನೀತಿ ಕಲಿಯೋಕೆ ಬೆಂಗಳೂರಿಗೆ ಹೋಗಬೇಕೆ? ಮನೇಲಿ ಅಜ್ಜಿ ಇಲ್ವೆ?’ – ಇದು ನನ್ನ ಓರಗಿತ್ತಿಯ ಪ್ರಶ್ನೆ. ನಗು ಬಂತು, ಆದರೆ ಉತ್ತರ ಬರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮರುವರ್ಷವೇ ಈ ಮನೆಗೆ ಬಂದವಳು. ಆ ಓದು ಏನೆಂದು ನನಗೇ ತಿಳಿಯದಿದ್ದಾಗ ಊರಿನವರಿಗೆ ಏನು ಹೇಳಲಿ?

ಈಗ ಎರಡು ವರ್ಷದಿಂದ ಕೇಳಿ ಕೇಳಿ ಒಂದಿಷ್ಟು ಅರ್ಥವಾಗಿದೆ. ನಿಮ್ಮ ಮನೆಯಲ್ಲೂ ಡಿಗ್ರಿ ಮುಗಿಸಿದ ಹೆಣ್ಣುಮಗಳಿದ್ದು, ಮುಂದೇನು ಎಂಬ ಯೋಚನೆ ನಿಮ್ಮ ತಲೆಯನ್ನೂ ಕೊರೆಯುತ್ತಿದ್ದರೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು. ನಮ್ಮವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮ ಕಡೆ ಮದುವೆ ಮುಂಜಿ, ಮನೆಗೆ ಸುಣ್ಣಬಣ್ಣ, ಮಕ್ಕಳ ಫೀಸು, ಎಲ್ಲಾ ನಿಂತಿರುವುದು ಕೊಬ್ಬರಿ ಧಾರಣೆಯ ಮೇಲೆ. ಮಗಳು ನನಗೆ ಪಾಠ ಹೇಳಿದ್ದೂ ಕೊಬ್ಬರಿಯಿಂದಲೇ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಮಾರುಕಟ್ಟೆಯಲ್ಲಿ ಮಾತ್ರ ಅದಕ್ಕಿಂತ ಸಾವಿರಗಟ್ಟಲೆ ಕಡಿಮೆಗೆ ಬಿಕರಿಯಾಯಿತು. ರೈತರು ಬೀದಿಗಿಳಿದರು. ಆಗ ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ‘ಅಮ್ಮಾ, ಬೆಂಬಲ ಬೆಲೆ ಅಂತ ಒಂದು ಇದೆಯಲ್ಲ, ಮತ್ತೆ ಯಾಕೆ ಸಿಗಲಿಲ್ಲ? ಬೆಲೆ ಗೊತ್ತುಮಾಡೋರು ಯಾರು? ಎಷ್ಟು ಕೊಳ್ಳಬೇಕು, ಯಾವಾಗ ಕೊಳ್ಳಬೇಕು ಅಂತ ಹೇಳೋರು ಯಾರು? ಹೆಸರು ಬರೆಸೋಕೆ ರಾತ್ರಿಯಿಡೀ ಸಾಲು ನಿಲ್ಲೋ ಹಾಗೆ ಮಾಡಿದ್ದು ಯಾರು?’ – ಹೀಗೆ ಕೇಳುತ್ತಾ ಹೋದಳು. ಬೆಲೆ ಎಷ್ಟಿರಬೇಕೆಂಬ ತೀರ್ಮಾನ ‘ನೀತಿ’. ಅದನ್ನು ಸಾಲಿನಲ್ಲಿ ನಿಂತ ರೈತನ ಕೈಗೆ ಮುಟ್ಟಿಸುವುದು ‘ಆಡಳಿತ’. ತೀರ್ಮಾನ ಚೆನ್ನಾಗಿದ್ದು ಮುಟ್ಟಿಸುವುದು ಕೆಟ್ಟರೂ ಹೋಯಿತು, ಮುಟ್ಟಿಸುವವರು ಚುರುಕಾಗಿದ್ದು ತೀರ್ಮಾನವೇ ತಪ್ಪಾಗಿದ್ದರೂ ಹೋಯಿತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಪೇಟೆ ಧಾರಣೆ ಅದರ ದುಪ್ಪಟ್ಟನ್ನೂ ದಾಟಿತು. ಆಗ ಬೆಂಬಲ ಬೆಲೆಯ ಮಾತೇ ಯಾರ ಬಾಯಲ್ಲೂ ಇಲ್ಲ! ಇದನ್ನೆಲ್ಲ ಕೂತು ಓದುವುದಕ್ಕೂ ಒಂದು ಪದವಿ ಇದೆ ಎಂದಳು.

ನನಗೆ ಅಡಿಗೆಮನೆಯ ಲೆಕ್ಕದಲ್ಲಿ ಹೇಳಿದರೇ ಸರಿ. ಇರುವ ದುಡ್ಡಿನಲ್ಲಿ ಇವತ್ತು ಏನು ಮಾಡಬೇಕು, ಸಕ್ಕರೆ ಕಾಯಿಲೆಯ ಮಾವನಿಗೆ ಏನು, ಪರೀಕ್ಷೆಗೆ ಓದುವ ಹುಡುಗನಿಗೆ ಏನು ಎಂದು ಬೆಳಿಗ್ಗೆ ಎದ್ದು ಯೋಚಿಸುತ್ತೇವಲ್ಲ, ಅದೊಂದು. ಒಲೆ ಹಚ್ಚಿ ಬೇಯಿಸಿ ಹೊತ್ತಿಗೆ ಸರಿಯಾಗಿ ಬಡಿಸುವುದು ಇನ್ನೊಂದು. ಇವೆರಡನ್ನೂ ನಾವು ದಿನಾ ಮಾಡುತ್ತೇವೆ. ಮೂರನೆಯದು ಒಂದಿದೆಯಂತೆ – ಎಲ್ಲರೂ ಎದ್ದ ಮೇಲೆ ಯಾರ ಹೊಟ್ಟೆ ತುಂಬಿತು, ಯಾರದು ತುಂಬಲಿಲ್ಲ ಎಂದು ನೋಡುವುದು. ಈ ಮೂರನೆಯದಕ್ಕೇ ಅವರು ಅಂಕಿ-ಅಂಶ, ಅರ್ಥಶಾಸ್ತ್ರ, ಕಾನೂನು ಎಲ್ಲಾ ಓದುವುದು. ಸರ್ಕಾರಗಳು ಬಡಿಸಿ ಕೈತೊಳೆದುಕೊಳ್ಳುತ್ತವೆ, ಎಲೆ ನೋಡುವವರು ಕಡಿಮೆ ಎಂಬುದು ನನ್ನ ಮಗಳ ದೂರು.

ಈ ಓದಿನ ಹುಟ್ಟಿನ ಕಥೆ ಅವಳು ಹೇಳಿದಾಗ ನಾನು ಬಿಡಿಸುತ್ತಿದ್ದ ಅವರೆಕಾಯಿಯನ್ನು ಹಾಗೇ ಬಿಟ್ಟು ಕೇಳಿದೆ. ಅಮೆರಿಕದಲ್ಲಿ ವುಡ್ರೋ ವಿಲ್ಸನ್ ಎಂಬವರು 1887ರಲ್ಲಿ, ಆಡಳಿತವನ್ನೂ ಒಂದು ಶಾಸ್ತ್ರವಾಗಿ ಅಭ್ಯಾಸ ಮಾಡಬೇಕೆಂದು ಲೇಖನ ಬರೆದರು. ಆಗ ಅವರು ಬರೀ ಮೇಷ್ಟ್ರು. ಆಮೇಲೆ ಆ ದೇಶದ ಅಧ್ಯಕ್ಷರಾದರು. ಪುಸ್ತಕಗಳಲ್ಲಿ ಕಥೆ ಅಲ್ಲಿಂದಲೇ ಶುರುವಾಗುತ್ತದಂತೆ. ಆದರೆ ನನಗೆ ಹಿಡಿಸಿದ್ದು ಆಮೇಲಿನ ಭಾಗ. ಶಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ಎಂಬಾಕೆ ಬಡವರ ಕೇರಿಯಲ್ಲೇ 1889ರಲ್ಲಿ ಮನೆ ಮಾಡಿ ನೆಲೆಸಿದರು. ಬೀದಿಯಲ್ಲಿ ಕಸ ಕೊಳೆತು ನಾರುತ್ತಿತ್ತು, ಮಕ್ಕಳು ಕಾಯಿಲೆ ಬೀಳುತ್ತಿದ್ದವು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ 1895ರಲ್ಲಿ ಆಕೆಯೇ ತಮ್ಮ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆದರು! ಬೆಳ್ಳಂಬೆಳಿಗ್ಗೆ ಎದ್ದು ಕಸದ ಗಾಡಿಗಳ ಹಿಂದೆ ಹೋಗಿ ಎಷ್ಟು ಎತ್ತಿದರು, ಎಲ್ಲಿ ಬಿಟ್ಟರು ಎಂದು ನೋಡುತ್ತಿದ್ದರಂತೆ. ಊರಿನ ಆಡಳಿತವೆಂದರೆ ಮನೆವಾರ್ತೆಯನ್ನೇ ದೊಡ್ಡದು ಮಾಡಿದಂತೆ, ಅದಕ್ಕೆ ಹೆಂಗಸರು ಬೇಕೇ ಬೇಕು ಎಂಬುದು ಆಕೆಯ ವಾದ. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಬಹುಮಾನವೂ ಬಂತು.

ಇನ್ನೊಬ್ಬಾಕೆ ಮೇರಿ ಹ್ಯಾರಿಮನ್. ಗಂಡ ರೈಲ್ವೆ ಕಂಪೆನಿಗಳ ಒಡೆಯ, ಆಗರ್ಭ ಶ್ರೀಮಂತ, 1909ರಲ್ಲಿ ತೀರಿಕೊಂಡ. ಆಕೆಯ ಹಣದಿಂದ 1911ರಲ್ಲಿ ನ್ಯೂಯಾರ್ಕಿನಲ್ಲಿ ಸಾರ್ವಜನಿಕ ಸೇವೆಗೆ ತರಬೇತಿ ಕೊಡುವ ಶಾಲೆ ಶುರುವಾಯಿತು. ಆ ಶಾಲೆಯ ಪಾಠಕ್ರಮವೇ 1924ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಸ್ಕೂಲಿಗೆ ಹೋಗಿ ಸೇರಿಕೊಂಡಿತು. ಅಲ್ಲಿ ಡೀನ್ ಆಗಿದ್ದ ಪಾಲ್ ಆಪಲ್‌ಬಿ ಎಂಬವರನ್ನು ನೆಹರೂ ಅವರ ಸರ್ಕಾರ ದೆಹಲಿಗೆ ಕರೆಸಿ ನಮ್ಮ ಆಡಳಿತ ಹೇಗಿದೆ ನೋಡಿ ಎಂದಿತು. ಅವರು 1953ರಲ್ಲಿ ವರದಿ ಕೊಟ್ಟರು, ಮರುವರ್ಷ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಹುಟ್ಟಿತು. ಎಲ್ಲಿಯ ವಿಧವೆ, ಎಲ್ಲಿಯ ದೆಹಲಿ! ನೋಡಿ, ಇಂಥ ಓದಿನ ಬೇರಿನಲ್ಲಿ ಇಬ್ಬರು ಹೆಂಗಸರಿದ್ದಾರೆ. ಓರಗಿತ್ತಿಗೆ ಇದನ್ನು ಹೇಳಬೇಕೆಂದಿದ್ದೇನೆ, ಇನ್ನೂ ಸಮಯ ಸಿಕ್ಕಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಸೋದರತ್ತೆಯ ಸಂಗತಿಯನ್ನೇ ಹೇಳುತ್ತೇನೆ. ಕರ್ನಾಟಕದಲ್ಲಿ 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಅಬ್ದುಲ್ ನಜೀರ್ ಸಾಬ್ ಮಂತ್ರಿಗಳಾಗಿದ್ದ ಕಾಲ. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಎಂದೇ ಹೆಸರಾದವರು. 1987ರಲ್ಲಿ ಚುನಾವಣೆ ನಡೆದಾಗ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆಂದೇ ಇತ್ತು. ದೇಶಕ್ಕೆಲ್ಲಾ ಮೂರನೇ ಒಂದು ಪಾಲು ಮೀಸಲು ಬಂದದ್ದು ಆಮೇಲೆ, 73ನೆಯ ತಿದ್ದುಪಡಿಯಿಂದ, 1993ರಲ್ಲಿ. ನಮ್ಮ ಅತ್ತೆಯನ್ನು ಊರಿನ ದೊಡ್ಡವರು ಕರೆದು ನಿಲ್ಲಿಸಿದರು, ಗೆದ್ದರು. ಸಭೆಗೆ ರೇಷ್ಮೆ ಸೀರೆ ಉಟ್ಟುಕೊಂಡು ಹೋಗುತ್ತಿದ್ದರಂತೆ. ಹೋಗಿ ಏನು ಮಾಡುತ್ತಿದ್ದರು? ಪುಸ್ತಕ ಮುಂದಕ್ಕೆ ತಳ್ಳುತ್ತಿದ್ದರು, ಇವರು ಹೆಬ್ಬೆಟ್ಟು ಒತ್ತುತ್ತಿದ್ದರು. ತಮ್ಮ ಕೇರಿಗೆ ಬರಬೇಕಾದ ಕೊಳವೆ ಬಾವಿ ಬೇರೆ ಕಡೆ ಹೋಗುವ ಕಾಗದಕ್ಕೂ ಇವರದೇ ಹೆಬ್ಬೆಟ್ಟು ಬಿದ್ದಿತ್ತು. ‘ಓದಿ ಹೇಳಿ ಅಂತ ಕೇಳೋಕೆ ಬಾಯಿ ಬರಲಿಲ್ಲ ಕಣೇ’ ಎಂದು ಅತ್ತೆ ಸಾಯುವ ತನಕ ಹೇಳುತ್ತಿದ್ದರು. ಈಗ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಕುರ್ಚಿ ಬಂತು, ಕಾಗದ ಓದಿ ಅರ್ಥಮಾಡಿಕೊಂಡು ಕೇಳುವವರು ಅಷ್ಟು ಬಂದರೋ? ಅತ್ತೆಯ ಮಾತು ನನ್ನ ತಲೆಯಲ್ಲಿ ಇಲ್ಲದಿದ್ದರೆ ನಾನು ಮಗಳ ಪರ ನಿಲ್ಲುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ನಿಲ್ಲಬೇಕಾದ ಸಂದರ್ಭ ಬಂತು. ಅವಳು ಆರಿಸಿಕೊಂಡದ್ದು ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಎರಡು ವರ್ಷದ ಪದವಿ. ಅಲ್ಲಿ ಬರೀ ವಕೀಲರಾಗುವವರು ಓದುತ್ತಾರೆಂದು ನಾವು ತಿಳಿದಿದ್ದೆವು. 2014ರಿಂದ ಈ ಪಬ್ಲಿಕ್ ಪಾಲಿಸಿ ಪದವಿಯೂ ಇದೆ. ಯಾವುದೇ ವಿಷಯದಲ್ಲಿ ಡಿಗ್ರಿ ಮಾಡಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಪರೀಕ್ಷೆ ಇಂಗ್ಲಿಷಿನಲ್ಲಿ. ಗುರುತು ಹಾಕುವ ಪ್ರಶ್ನೆಗಳ ಜೊತೆಗೆ ಯೋಚಿಸಿ ಉದ್ದಕ್ಕೆ ಬರೆಯುವ ಪ್ರಶ್ನೆಗಳೂ ಇರುತ್ತವೆ. ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ, ಒಂದು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದುತ್ತಿದ್ದಳು. ಅರ್ಥವಾಗದ ಮಾತುಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಳ್ಳುತ್ತಿದ್ದಳು. ಸೀಟು ಸಿಕ್ಕಿತು. ಸಿಕ್ಕಿದ ದಿನ ಮನೆಯಲ್ಲಿ ಪಾಯಸವಾಗಲಿಲ್ಲ, ಜಗಳವಾಯಿತು.

ನಮ್ಮವರದು ಕೆಟ್ಟ ಮನಸ್ಸಲ್ಲ. ಆದರೆ ಫೀಸು, ಹಾಸ್ಟೆಲು, ಊಟ ಸೇರಿ ಲಕ್ಷಗಳ ಲೆಕ್ಕ. ಮಂಡಿಯ ಸಂಬಳ ನಿಮಗೆ ಗೊತ್ತೇ ಇದೆ. ‘ಇಷ್ಟು ಸುರಿದು ಕೊನೆಗೆ ಯಾವ ಕೆಲಸ? ಡಾಕ್ಟರೆ, ಲಾಯರೆ, ಮೇಷ್ಟ್ರೆ? ಹೇಳು’ ಎಂದರು. ಅವಳ ಹತ್ತಿರ ಒಂದೇ ಮಾತಿನ ಉತ್ತರವಿರಲಿಲ್ಲ. ಮದುವೆಗೆಂದು ಹನ್ನೊಂದು ವರ್ಷದಿಂದ ಕಟ್ಟಿದ ಚೀಟಿಯ ಹಣವಿತ್ತು. ಅದನ್ನು ಮುಟ್ಟಕೂಡದು ಎಂದರು ಇವರು. ಅದು ನಾನು ಮನೆಖರ್ಚಿನಲ್ಲಿ ಉಳಿಸಿ ಕಟ್ಟಿದ್ದು, ಅರ್ಧ ಅವಳ ಓದಿಗೆ ಎಂದೆ ನಾನು. ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ಇವರೇ ‘ಉಳಿದದ್ದಕ್ಕೆ ಬ್ಯಾಂಕಿಗೆ ಹೋಗಿ ಬರೋಣ’ ಎಂದರು.

ಬ್ಯಾಂಕಿನ ಹೆಸರು ಬೇಡ. ಅಲ್ಲಿಯ ಸಾಹೇಬರು ಅರ್ಜಿ ನೋಡಿ, ಇಂಜಿನಿಯರಿಂಗ್ ಅಲ್ಲವಲ್ಲ, ಹಾಗಾದರೆ ಮನೆಪತ್ರ ತನ್ನಿ ಎಂದರು. ಮಗಳು ಮೊದಲೇ ನಿಯಮ ಓದಿಕೊಂಡು ಹೋಗಿದ್ದಳು. ವಿದ್ಯಾಭ್ಯಾಸದ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯಿದೆ, ಅದರಡಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವ ಹಾಗಿಲ್ಲ ಎಂದು ಕಾಗದವನ್ನೇ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸಾಲ ಆಯಿತು. ಸೋದರತ್ತೆ ಇದ್ದು ನೋಡಬೇಕಿತ್ತು! ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ, ಇದನ್ನು ಮರೆಯಬೇಡಿ. ನಮಗಿಂತ ನಿಮಗೆ ಸ್ವಲ್ಪ ಸುಲಭ. 2024ರ ನವೆಂಬರಿನಲ್ಲಿ ಪಿ.ಎಂ. ವಿದ್ಯಾಲಕ್ಷ್ಮಿ ಎಂಬ ಯೋಜನೆ ಬಂದಿದೆ. ಸರ್ಕಾರದ ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಗಳಲ್ಲಿ ಸೀಟು ಸಿಕ್ಕಿದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ. ವರ್ಷದ ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವ ತನಕ ಬಡ್ಡಿಯಲ್ಲಿ ನೂರಕ್ಕೆ ಮೂರರ ನೆರವು. ಅರ್ಜಿ ಹಾಕುವ ಮೊದಲು ಸಂಸ್ಥೆ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಕಾಲೇಜಿನಲ್ಲೇ ಫೀಸು ನೆರವಿಗೆ ಅರ್ಜಿ ಕರೆಯುತ್ತಾರೆ, ನಾಚಿಕೊಳ್ಳದೆ ಹಾಕಿಸಿ.

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಸಾರ್ವಜನಿಕ ಆಡಳಿತದ ಎಂ.ಎ. ಇದಕ್ಕಿಂತ ಹಳೆಯದು, ಖರ್ಚೂ ಬಹಳ ಕಡಿಮೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಕುಳಿತು ಓದಬಹುದು. ಇಗ್ನೋದಲ್ಲೂ ಇದೆ, ಆದರೆ ಅದು ಇಂಗ್ಲಿಷ್, ಹಿಂದಿಯಲ್ಲಿ. ಪಂಚಾಯಿತಿ, ಗ್ರಾಮಾಭಿವೃದ್ಧಿಗೆಂದೇ ಗದಗಿನಲ್ಲಿ ಒಂದು ವಿಶ್ವವಿದ್ಯಾಲಯ ಆಗಿದೆ. ನಿಮ್ಮಲ್ಲೇ ಎಷ್ಟೋ ಜನ ಬಿ.ಎ. ಮುಗಿಸಿ ಮದುವೆಯಾಗಿ ಮಾರ್ಕ್ಸ್ ಕಾರ್ಡನ್ನು ಬೀರುವಿನಲ್ಲಿ ಸೀರೆಯ ಕೆಳಗಿಟ್ಟಿದ್ದೀರಿ. ಮುಕ್ತ ವಿಶ್ವವಿದ್ಯಾಲಯಕ್ಕೆ ವಯಸ್ಸು ಅಡ್ಡಿಯಿಲ್ಲ. ನನಗಂತೂ ಡಿಗ್ರಿ ಇಲ್ಲ, ನಿಮಗಿದ್ದರೆ ಯೋಚಿಸಿ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ‘ಪಾಲಿಸಿ’ ಎಂಬ ಹೆಸರು ಹಾಕಿಕೊಂಡು ಹೊಸದಾಗಿ ಬೇಕಾದಷ್ಟು ಕೋರ್ಸುಗಳು ಹುಟ್ಟಿವೆ. ಕೆಲವು ಬರೀ ಸರ್ಟಿಫಿಕೇಟು, ಪದವಿಯಲ್ಲ. ನಮಗೂ ಒಂದು ಕಡೆಯಿಂದ ದಿನಕ್ಕೆರಡು ಸಲ ಫೋನು ಬರುತ್ತಿತ್ತು – ಸೀಟು ಕಾಯ್ದಿರಿಸಲು ಇಂದೇ ಹಣ ಕಟ್ಟಿ ಅಂತ. ಯು.ಜಿ.ಸಿ. ಮನ್ನಣೆ ಇದೆಯೇ ಎಂದು ಕೇಳಿದ ಮೇಲೆ ಫೋನು ನಿಂತಿತು.

ಕೆಲಸದ ವಿಷಯ ಮುಚ್ಚಿಡುವುದಿಲ್ಲ. ಇದನ್ನು ಓದಿದರೆ ಸರ್ಕಾರಿ ನೌಕರಿ ತಾನಾಗಿ ಬರುವುದಿಲ್ಲ. ತಹಶೀಲ್ದಾರ್, ಪಿ.ಡಿ.ಓ. ಆಗಬೇಕಾದರೆ ಅದರದೇ ಪರೀಕ್ಷೆ ಬರೆಯಬೇಕು, ಅದಕ್ಕೆ ಯಾವ ಡಿಗ್ರಿಯಾದರೂ ಸಾಕು. ಇವರನ್ನು ತೆಗೆದುಕೊಳ್ಳುವವರು ಸಂಶೋಧನಾ ಸಂಸ್ಥೆಗಳು, ಹಳ್ಳಿಗಳಲ್ಲಿ ಕೆಲಸ ಮಾಡುವ ಸೇವಾಸಂಸ್ಥೆಗಳು, ಸರ್ಕಾರಕ್ಕೆ ಸಲಹೆ ಕೊಡುವ ಕಂಪೆನಿಗಳು. ಒಬ್ಬೊಬ್ಬ ಸಂಸದರ ಜೊತೆ ಒಂದು ವರ್ಷದಷ್ಟು ಕಾಲ ಇದ್ದು ಮಸೂದೆಗಳ ಬಗ್ಗೆ ಟಿಪ್ಪಣಿ ಮಾಡಿಕೊಡುವ ‘ಲ್ಯಾಂಪ್’ ಎಂಬ ಫೆಲೋಶಿಪ್ಪೂ ಇದೆ. ಇನ್ನೊಂದು ಮಾತು ನಮ್ಮವರಿಗೆ ಸ್ವಲ್ಪ ಧೈರ್ಯ ಕೊಟ್ಟಿತು. ಬೆಂಗಳೂರಿನ ಐ.ಐ.ಎಂ.ನಲ್ಲಿ 2002ರಲ್ಲೇ ಇದೇ ವಿಷಯಕ್ಕೆ ಕೋರ್ಸು ಶುರು ಮಾಡಿದ್ದರಂತೆ, ಅಧಿಕಾರದಲ್ಲಿರುವ ದೊಡ್ಡ ದೊಡ್ಡ ಆಫೀಸರುಗಳೇ ಮತ್ತೆ ಹೋಗಿ ಓದಲಿ ಅಂತ.

ಕಳೆದ ರಜೆಗೆ ಬಂದಾಗ ಅವಳಿಗೆ ಕೊಟ್ಟಿದ್ದ ಮನೆಗೆಲಸ ಕೇಳಿ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಯಾರ ಖಾತೆಗೆ ಬರುತ್ತದೆ, ಯಾರ ಕೈಯಲ್ಲಿ ಖರ್ಚಾಗುತ್ತದೆ ಎಂದು ಹೆಂಗಸರನ್ನೇ ಮಾತಾಡಿಸಬೇಕು. ನಮ್ಮ ವಠಾರದಿಂದಲೇ ಶುರುಮಾಡಿದಳು. ಪುಸ್ತಕ, ಪೆನ್ನು ಹಿಡಿದು ಕೇಳಿದಾಗ ಎಲ್ಲರೂ ‘ನಾವೇ ಖರ್ಚು ಮಾಡ್ತೀವಮ್ಮ’ ಎಂದರು. ನಾನೇ ಹೇಳಿದೆ, ಪುಸ್ತಕ ಒಳಗಿಟ್ಟು ಬಾ, ಸಂಜೆ ಹೂ ಕಟ್ಟುವಾಗ ಕೂತುಕೋ ಅಂತ. ಹೂ ಕಟ್ಟುತ್ತಾ ಒಬ್ಬಾಕೆ ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿರುತ್ತದೆ ಎಂದಳು. ಇನ್ನೊಬ್ಬಾಕೆ ಅದರಲ್ಲೇ ಸೊಸೈಟಿ ಸಾಲ ತೀರಿಸಿ ಹೊಲಿಗೆ ಯಂತ್ರ ಬಿಡಿಸಿಕೊಂಡಿದ್ದಳು. ಮತ್ತೊಬ್ಬಾಕೆಯದು ಅತ್ತೆಯ ಹೆಸರಿಗೆ ಬರುತ್ತದೆ, ಸೊಸೆಗೆ ಅದರ ಸುದ್ದಿಯೇ ಇಲ್ಲ. ‘ಅಮ್ಮಾ, ನಿನ್ನದು?’ ಎಂದು ನನ್ನನ್ನೂ ಕೇಳಿದಳು. ನನ್ನದು ಅವಳ ಹಾಸ್ಟೆಲಿನ ಮೇಲುಖರ್ಚಿಗೆ ಹೋಗುತ್ತದೆ. ಅವಳನ್ನು ನೋಡಲು ನಾನು ಬೆಂಗಳೂರಿಗೆ ಹೋಗುವುದೂ ಶಕ್ತಿ ಯೋಜನೆಯ ಬಿಟ್ಟಿ ಬಸ್ಸಿನಲ್ಲೇ! ‘ಹಾಗಾದರೆ ನಾನೇ ಒಂದು ಸರ್ಕಾರಿ ಯೋಜನೆ’ ಎಂದು ನಕ್ಕಳು. ಆ ಹಾಳೆಗಳನ್ನು ಅವಳ ಮೇಷ್ಟ್ರು ಮೆಚ್ಚಿಕೊಂಡರಂತೆ. ಹೂವಿನ ಉಪಾಯ ನನ್ನದೆಂದು ಹೇಳಿದಳೋ ಇಲ್ಲವೋ!

ದೀಪಾವಳಿ ಕಳೆದ ಮೇಲೆ ಒಂದು ಸಂಬಂಧ ಬಂದಿತ್ತು. ಹುಡುಗ ಇಂಜಿನಿಯರು, ಒಳ್ಳೆಯ ಮನೆತನ. ಹುಡುಗನ ತಾಯಿ ‘ಓದು ಮುಗಿಸಿ ಹುಡುಗಿ ಎಲ್ಲಿಗೆ ಕೆಲಸಕ್ಕೆ ಹೋಗ್ತಾಳೆ?’ ಎಂದು ಕೇಳಿದರು. ಹಳ್ಳಿಗಳಿಗೆ ಹೋಗಬೇಕಾಗಬಹುದು ಎಂದಳು ಇವಳು, ನಾನು ಕಣ್ಸನ್ನೆ ಮಾಡುತ್ತಿದ್ದರೂ ಕೇಳದೆ. ಅವರು ಚಕ್ಕುಲಿ ತಿಂದು, ತಿಳಿಸುತ್ತೇವೆ ಎಂದು ಹೋದವರು ತಿಳಿಸಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚೀಟಿಯ ಹಣ ಅರ್ಧ ಹೋಗಿದೆ, ತಂಗಿಯೊಬ್ಬಳು ಹಿಂದೆಯೇ ಬೆಳೆದಿದ್ದಾಳೆ, ಸಾಲದ ಕಂತು 2027ರಲ್ಲಿ ಶುರು. ತಾಯಿಯಾದವಳಿಗೆ ಇದೆಲ್ಲ ಬರದೇ ಇರುತ್ತದೆಯೇ, ನೀವೇ ಹೇಳಿ. ಸರ್ಕಾರದ ಎಲೆ ನೋಡುವವಳ ಎಲೆ ನೋಡುವವರು ಯಾರು ಎಂದು ಅನಿಸಿತು.

ಹೋದ ವಾರ ಫೋನು ಮಾಡಿದ್ದಳು. ಶಾಲೆಯ ಬಿಸಿಯೂಟದ ಬಗ್ಗೆ ಕೆಲಸ ಮಾಡುವ ಒಂದು ಸಂಸ್ಥೆಯವರು ಮಾತಾಡಿಸಲು ಕರೆದಿದ್ದಾರೆ. ಸಂಬಳ ಬಹಳವೇನಿಲ್ಲ, ಕಂತು ಕಟ್ಟಿ ಉಳಿಯುವಷ್ಟು. ಕೆಲಸ ರಾಯಚೂರಿನ ಕಡೆ. ನಮ್ಮವರು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದರು. ಆಮೇಲೆ ‘ರಾಯಚೂರಿಗೆ ರಾತ್ರಿ ಬಸ್ಸು ಎಷ್ಟು ಹೊತ್ತಿಗೆ?’ ಎಂದು ಕೇಳಿದರು. ಬೇಡ ಅನ್ನಲಿಲ್ಲ.